ಜೀವಕೋಶದ ನಂಟುಗಳ ನಕ್ಷೆ ಮತ್ತು ಬೆಂಗಳೂರಿನ ಓದುಗರು

ಮನುಷ್ಯನ ವಂಶವಾಹಿ ಸಂಪುಟವನ್ನು ಓದಿ ಮುಗಿಸಿದಾಗ ವಿಜ್ಞಾನಿಗಳಿಗೆ ಎದುರಾದ ದೊಡ್ಡ ಅಚ್ಚರಿಯೆಂದರೆ, ಪ್ರೋಟೀನುಗಳ ತಯಾರಿಕೆಗೆ ಬೇಕಾದ ಸೂಚನೆಯನ್ನು ಹೊತ್ತ ವಂಶವಾಹಿಗಳ ಸಂಖ್ಯೆ ಅವರ ನಿರೀಕ್ಷೆಗಿಂತ ಬಹಳ ಕಡಿಮೆ, ಅಂದರೆ ಸುಮಾರು 20,000 ಮಾತ್ರ ಇದ್ದದ್ದು. ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರಿನಷ್ಟು ಉದ್ದದ ಸಿ. ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ವಂಶವಾಹಿಗಳಿವೆ. ಹಾಗಿದ್ದರೆ ಹುಳುವಿಗೂ ಮನುಷ್ಯನಿಗೂ ಇರುವ ಅಂತರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಭಾಗಗಳ ಎಣಿಕೆಯಿಂದ ಉತ್ತರ ದೊರೆಯದು. ಆ ಭಾಗಗಳು ಯಾವಾಗ, ಎಲ್ಲಿ, ಯಾವುದರೊಡನೆ ಕೂಡಿಕೊಳ್ಳುತ್ತವೆ, ಯಾವ ಗಳಿಗೆಯಲ್ಲಿ ಬಿಟ್ಟುಕೊಡುತ್ತವೆ ಎಂಬುದರಲ್ಲಿ ಉತ್ತರದ ಒಂದು ದೊಡ್ಡ ಪಾಲು ಅಡಗಿದೆ. ಜೀವಕೋಶದೊಳಗಿನ ಪ್ರೋಟೀನುಗಳ ಇಂಥ ನಂಟುಗಳೆಲ್ಲವನ್ನೂ ಒಟ್ಟಾಗಿ ಇಂಟರ್‌ಆಕ್ಟೋಮ್ ಎಂದು ಕರೆಯುತ್ತಾರೆ. 20,000 ಪ್ರೋಟೀನುಗಳನ್ನು ಎರಡೆರಡಾಗಿ ಜೋಡಿಸಿ ನೋಡಬೇಕಾದರೆ ಪರೀಕ್ಷಿಸಬೇಕಾದ ಜೋಡಿಗಳು ಸುಮಾರು 20 ಕೋಟಿ. ಒಂದೊಂದು ಜೋಡಿಗೆ ಒಂದೊಂದು ಪ್ರಯೋಗವೆಂದರೆ ಲೋಕದ ಪ್ರಯೋಗಾಲಯಗಳೆಲ್ಲ ಸೇರಿದರೂ ಮುಗಿಯದ ಈ ಕೆಲಸವನ್ನು ಸಾವಿರಗಟ್ಟಲೆಯಲ್ಲಿ ಒಮ್ಮೆಗೇ ಮಾಡುವ ವಿಧಾನಗಳು ಕಳೆದ ಮೂರೂವರೆ ದಶಕಗಳಲ್ಲಿ ಬೆಳೆದುಬಂದಿವೆ, ಮತ್ತು ಆ ಬೆಳವಣಿಗೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ನಡೆದಿದೆ.

ಪ್ರೋಟೀನುಗಳ ನಂಟು ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ತನ್ನದೇ ಆದ ಒಂದು ಆಕಾರಕ್ಕೆ ಮಡಚಿಕೊಂಡಾಗ ಅದರ ಮೇಲ್ಮೈಯಲ್ಲಿ ಉಬ್ಬುತಗ್ಗುಗಳೂ, ವಿದ್ಯುದಂಶವಿರುವ ತಾಣಗಳೂ, ನೀರನ್ನು ದೂರವಿಡುವ ಜಿಡ್ಡಿನ ತಾಣಗಳೂ ರೂಪುಗೊಳ್ಳುತ್ತವೆ. ಇನ್ನೊಂದು ಪ್ರೋಟೀನಿನ ಮೇಲ್ಮೈ ಇದಕ್ಕೆ ಒಪ್ಪುವಂತಿದ್ದರೆ ಎರಡೂ ಅಂಟಿಕೊಳ್ಳುತ್ತವೆ. ಕೆಲವು ಕ್ಷಣಮಾತ್ರ, ಕೆಲವು ಆಯುಷ್ಯಪೂರ್ತಿ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳ ಸ್ಥಿರವಾದ ಕೂಟ. ಈ ಕೂಟದ ಮೇಲ್ಮೈಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಏನಾಗುತ್ತದೆ ಎಂಬುದಕ್ಕೆ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆ, ಸಾಕ್ಷಿ. ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕುಳಿತಾಗ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಪಕ್ಕದ ಹಿಮೋಗ್ಲೋಬಿನ್ನಿನ ಒಂದು ಜಿಡ್ಡಿನ ಗುಳಿಗೆ ಕಚ್ಚಿಕೊಳ್ಳುತ್ತದೆ, ಅದು ಮತ್ತೊಂದಕ್ಕೆ, ಹೀಗೆ ಬೆಳೆದ ಗಡುಸಾದ ಎಳೆಗಳು ಕೆಂಪು ರಕ್ತಕಣವನ್ನೇ ಬಾಗಿಸಿಬಿಡುತ್ತವೆ. ದಕ್ಷಿಣ ಗುಜರಾತಿನ ಆದಿವಾಸಿ ಸಮುದಾಯಗಳಲ್ಲಿ, ಕರ್ನಾಟಕದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟುಗಳಲ್ಲಿ ತಲೆಮಾರುಗಳಿಂದ ನೋವಿಗೆ ಕಾರಣವಾಗಿರುವ ಈ ಕಾಯಿಲೆಯ ಮೂಲ, ಇರಬಾರದಾಗಿದ್ದ ಒಂದು ಪ್ರೋಟೀನು ನಂಟು. ಇರಬೇಕಾದ ನಂಟು ಕಡಿದುಹೋದಾಗಲೂ ರೋಗ ಬರುತ್ತದೆ, ಅನೇಕ ಔಷಧಗಳು ಕೆಲಸ ಮಾಡುವುದೂ ಇಂಥ ನಂಟನ್ನು ತಡೆಯುವ ಅಥವಾ ಬೆಸೆಯುವ ಮೂಲಕವೇ. ನಕ್ಷೆಯ ಅಗತ್ಯವಿರುವುದು ಈ ಕಾರಣಕ್ಕೆ.

ಬಹುಕಾಲ ಈ ನಂಟುಗಳನ್ನು ಒಂದೊಂದಾಗಿಯೇ ಹುಡುಕಲಾಗುತ್ತಿತ್ತು. ಒಂದು ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಜೀವಕೋಶದ ರಸಕ್ಕೆ ಬೆರೆಸಿ, ಅದು ಹಿಡಿದು ತಂದ ಪ್ರೋಟೀನಿನ ಜೊತೆ ಇನ್ನಾವುದು ಅಂಟಿಕೊಂಡು ಬಂದಿದೆ ಎಂದು ನೋಡುವ ಸಹಅವಕ್ಷೇಪನ ವಿಧಾನ ಇಂದಿಗೂ ನಂಬಿಕೆಗೆ ಅರ್ಹವಾದದ್ದು, ಆದರೆ ಅದರ ಗತಿ ನಿಧಾನ. ವೇಗಕ್ಕೆ ದಾರಿ ತೆರೆದದ್ದು 1989ರಲ್ಲಿ, ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿದ್ದ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಯೀಸ್ಟ್ ಟೂ-ಹೈಬ್ರಿಡ್ ಎಂಬ ಉಪಾಯ. ಯೀಸ್ಟಿನಲ್ಲಿ ಗಾಲ್4 ಎಂಬ ಪ್ರೋಟೀನು ಕೆಲವು ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಅದರ ಒಂದು ತುಂಡು ಡಿಎನ್‌ಎಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುಂಡು ವಂಶವಾಹಿಯನ್ನು ಎಚ್ಚರಿಸುತ್ತದೆ. ಈ ಎರಡು ತುಂಡುಗಳನ್ನು ಬೇರ್ಪಡಿಸಿದರೆ ಕೆಲಸ ನಿಲ್ಲುತ್ತದೆ, ಹತ್ತಿರ ತಂದರೆ ಮತ್ತೆ ನಡೆಯುತ್ತದೆ. ಪರೀಕ್ಷಿಸಬೇಕಾದ ಎರಡು ಪ್ರೋಟೀನುಗಳಲ್ಲಿ ‘ಎರೆ’ ಎಂದು ಕರೆಯಲಾಗುವ ಒಂದನ್ನು ಮೊದಲ ತುಂಡಿಗೂ, ‘ಬೇಟೆ’ ಎಂದು ಕರೆಯಲಾಗುವ ಇನ್ನೊಂದನ್ನು ಎರಡನೆಯ ತುಂಡಿಗೂ ಜೋಡಿಸಿ ಯೀಸ್ಟಿನೊಳಗೆ ಇಟ್ಟರೆ, ಅವೆರಡೂ ಅಂಟಿಕೊಂಡಾಗ ಮಾತ್ರ ಗಾಲ್4 ಮತ್ತೆ ಒಂದಾಗುತ್ತದೆ. ಅದು ಒಂದಾಯಿತೆಂಬುದು ಯೀಸ್ಟಿನ ಬಣ್ಣದಿಂದಲೋ, ಒಂದು ಪೋಷಕಾಂಶವಿಲ್ಲದ ಮಾಧ್ಯಮದಲ್ಲಿಯೂ ಅದು ಬೆಳೆಯುವುದರಿಂದಲೋ ಬರಿಗಣ್ಣಿಗೇ ತಿಳಿಯುತ್ತದೆ. ಪ್ರೋಟೀನುಗಳನ್ನು ಶುದ್ಧೀಕರಿಸುವ ಗೊಡವೆಯಿಲ್ಲ, ದುಬಾರಿ ಉಪಕರಣವಿಲ್ಲ.

ಈ ಸರಳತೆಯೇ ಯಂತ್ರೀಕರಣಕ್ಕೆ ಅನುವು ಮಾಡಿಕೊಟ್ಟಿತು. ಯೀಸ್ಟಿನಲ್ಲಿ ಎರಡು ಬಗೆಯ ಕೋಶಗಳು ಪರಸ್ಪರ ಕೂಡಿ ಒಂದಾಗುವುದರಿಂದ, ಎರೆಯಿರುವ ಒಂದು ತಳಿಯನ್ನು ಬೇಟೆಯಿರುವ ಸಾವಿರಾರು ತಳಿಗಳೊಡನೆ ಯಂತ್ರದ ಕೈಗಳ ಮೂಲಕ ತಟ್ಟೆಗಳ ಮೇಲೆ ಕೂಡಿಸಿ, ಯಾವ ಚುಕ್ಕೆ ಬೆಳೆಯಿತೆಂದು ನೋಡಿದರಾಯಿತು. ಯೀಸ್ಟಿನ ಸುಮಾರು 6,000 ಪ್ರೋಟೀನುಗಳನ್ನೂ ಹೀಗೆ ಜಾಲಾಡಲು ಹೊರಟ ಪೀಟರ್ ಊಟ್ಸ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ 1,004 ಪ್ರೋಟೀನುಗಳ ನಡುವೆ 957 ನಂಟುಗಳನ್ನು ವರದಿ ಮಾಡಿದರು. ಮರುವರ್ಷ ಜಪಾನಿನ ತಕಾಶಿ ಇತೊ ತಂಡ 3,278 ಪ್ರೋಟೀನುಗಳ ನಡುವೆ 4,549 ನಂಟುಗಳನ್ನು ಕಂಡು, ಅವುಗಳಲ್ಲಿ 841ನ್ನು ಮಾತ್ರ ಹೆಚ್ಚು ಖಾತ್ರಿಯವು ಎಂದು ಗುರುತಿಸಿತು. ಒಂದೇ ಜೀವಿ, ಒಂದೇ ತತ್ವದ ವಿಧಾನ. ಆದರೂ ಎರಡು ಪಟ್ಟಿಗಳಲ್ಲಿ ಸಮಾನವಾಗಿದ್ದ ನಂಟುಗಳು ತೀರ ಕಡಿಮೆ. ಎರೆಯೇ ತಾನಾಗಿ ವಂಶವಾಹಿಯನ್ನು ಎಚ್ಚರಿಸಿಬಿಟ್ಟರೆ ಇಲ್ಲದ ನಂಟು ಇದ್ದಂತೆ ಕಾಣುತ್ತದೆ. ಕೋಶದ ಪೊರೆಯಲ್ಲಿ ಹುದುಗಿರಬೇಕಾದ ಪ್ರೋಟೀನನ್ನು ಬಲವಂತವಾಗಿ ಕೋಶಕೇಂದ್ರಕ್ಕೆ ಕಳಿಸಿದರೆ ಇರುವ ನಂಟೂ ಕಾಣೆಯಾಗುತ್ತದೆ. ಸಹಜ ಬದುಕಿನಲ್ಲಿ ಎಂದೂ ಒಂದೇ ಕಡೆ ಸೇರದ ಎರಡು ಪ್ರೋಟೀನುಗಳು ಯೀಸ್ಟಿನ ಕೃತಕ ಏರ್ಪಾಡಿನಲ್ಲಿ ಸೇರಿ ಅಂಟಿಕೊಂಡದ್ದನ್ನು ನಿಜವೆನ್ನಬೇಕೋ ಸುಳ್ಳೆನ್ನಬೇಕೋ ಎಂಬುದಂತೂ ವಿಧಾನದ ಒಳಗಿನಿಂದ ಬಗೆಹರಿಯುವ ಪ್ರಶ್ನೆಯಲ್ಲ.

ಇದೇ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಬಂದ ವಿಧಾನ ಜೋಡಿಗಳ ಬದಲು ಗುಂಪುಗಳನ್ನು ಹಿಡಿಯಿತು. ಆಯ್ದ ಪ್ರೋಟೀನಿನ ಬಾಲಕ್ಕೆ ಒಂದು ಹಿಡಿಕೆಯನ್ನು ವಂಶವಾಹಿಯ ಮಟ್ಟದಲ್ಲಿಯೇ ಸೇರಿಸಿ, ಕೋಶವನ್ನು ಮೆಲ್ಲಗೆ ಒಡೆದು, ಆ ಹಿಡಿಕೆಗೆ ಅಂಟುವ ಮಣಿಗಳ ಮೂಲಕ ಪ್ರೋಟೀನನ್ನು ಅದರ ಸಂಗಾತಿಗಳ ಸಮೇತ ಹೊರಗೆಳೆಯುವುದು ಇದರ ಕ್ರಮ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1999ರಲ್ಲಿ ರೂಪಿಸಿದ ಟ್ಯಾಪ್ ಹಿಡಿಕೆಯಲ್ಲಿ ಎರಡು ಹಂತದ ಶೋಧನೆ ಇದ್ದುದರಿಂದ ಕಸ ಹೆಚ್ಚು ಕಳೆಯುತ್ತಿತ್ತು. ಹೀಗೆ ಬಂದ ಮಿಶ್ರಣವನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಸಣ್ಣ ತುಣುಕುಗಳಾಗಿ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ, ಅದು ತುಣುಕುಗಳ ರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತವನ್ನು ಅತಿ ನಿಖರವಾಗಿ ಅಳೆಯುತ್ತದೆ, ಮತ್ತು ಆ ಅಳತೆಗಳನ್ನು ಗೊತ್ತಿರುವ ಪ್ರೋಟೀನುಗಳ ಪಟ್ಟಿಯೊಡನೆ ತಾಳೆ ನೋಡಿ ಯಾವ ಯಾವ ಪ್ರೋಟೀನು ಅಲ್ಲಿತ್ತೆಂದು ಹೇಳಬಹುದು. ಪ್ರೋಟೀನಿನಂಥ ಭಾರಿ ಅಣುಗಳನ್ನು ಒಡೆಯದೆ ಅಳೆಯುವ ದಾರಿ ತೋರಿದ ಜಾನ್ ಫೆನ್ ಮತ್ತು ಕೊಯಿಚಿ ತನಾಕ ಅವರಿಗೆ 2002ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಅದೇ ವರ್ಷದ ಜನವರಿಯಲ್ಲಿ ಎರಡು ತಂಡಗಳು ಯೀಸ್ಟಿನ ಪ್ರೋಟೀನು ಸಂಕೀರ್ಣಗಳ ದೊಡ್ಡ ಪಟ್ಟಿಗಳನ್ನು ‘ನೇಚರ್’ನ ಒಂದೇ ಸಂಚಿಕೆಯಲ್ಲಿ ಹೊರತಂದವು, ಅವುಗಳಲ್ಲಿ ಹೈಡೆಲ್‌ಬರ್ಗ್ ತಂಡ 232 ಸಂಕೀರ್ಣಗಳನ್ನು ವಿವರಿಸಿತು. ಈ ವಿಧಾನಕ್ಕೆ ತನ್ನದೇ ಮಿತಿಯಿದೆ. ಮದುವೆಯ ಊಟದಲ್ಲಿ ಒಂದೇ ಪಂಕ್ತಿಗೆ ಕುಳಿತವರೆಲ್ಲ ಪರಸ್ಪರ ನೆಂಟರಾಗಿರಬೇಕಿಲ್ಲ; ಹಾಗೆಯೇ ಒಟ್ಟಿಗೆ ಹೊರಬಂದ ಪ್ರೋಟೀನುಗಳಲ್ಲಿ ಯಾವುದು ಯಾವುದನ್ನು ನೇರವಾಗಿ ಮುಟ್ಟಿತ್ತೆಂಬುದನ್ನು ಈ ಪ್ರಯೋಗ ತಿಳಿಸದು. ಬಿಗಿಯಾದ ನಂಟುಗಳು ಉಳಿದುಬಂದು, ಕ್ಷಣಿಕವಾದವು ತೊಳೆಯುವಾಗಲೇ ಕಳಚಿಹೋಗುತ್ತವೆ.

2002ರಲ್ಲಿಯೇ ಕ್ರಿಸ್ಟಿಯಾನ್ ಫಾನ್ ಮೇರಿಂಗ್ ಮತ್ತು ಪೀರ್ ಬೋರ್ಕ್ ಮೊದಲಾದವರು ಈ ಎಲ್ಲ ಪಟ್ಟಿಗಳನ್ನು ಒಟ್ಟಿಗಿಟ್ಟು ತೂಗಿ ನೋಡಿದಾಗ, ಯೀಸ್ಟಿನ ಸುಮಾರು 80,000 ನಂಟುಗಳಲ್ಲಿ ಒಂದಕ್ಕಿಂತ ಹೆಚ್ಚು ವಿಧಾನಗಳ ಬೆಂಬಲ ಇದ್ದವು ಸುಮಾರು 2,400 ಮಾತ್ರ ಎಂದು ತಿಳಿಯಿತು. ಯಂತ್ರಗಳು ವೇಗವಾಗಿ ಗೆರೆಗಳನ್ನು ಎಳೆಯಬಲ್ಲವು, ಆದರೆ ಯಾವ ಗೆರೆಯನ್ನು ನಂಬಬೇಕು ಎಂಬುದಕ್ಕೆ ಹೊರಗಿನ ಒಂದು ಅಳತೆಗೋಲು ಬೇಕು ಎಂಬುದು ಇದರಿಂದ ಖಚಿತವಾಯಿತು. ಮನುಷ್ಯನ ಪ್ರೋಟೀನುಗಳ ವಿಷಯದಲ್ಲಿ ಅಂಥ ಅಳತೆಗೋಲು ಎಲ್ಲಿಂದ ಬರಬೇಕು? ಹಿಂದಿನ ದಶಕಗಳಲ್ಲಿ ಸಾವಿರಾರು ಪ್ರಯೋಗಾಲಯಗಳು ಒಂದೊಂದೇ ನಂಟನ್ನು ತಾಳ್ಮೆಯಿಂದ ಸಾಧಿಸಿ ಬರೆದಿಟ್ಟ ಪ್ರಬಂಧಗಳು ಗ್ರಂಥಾಲಯಗಳಲ್ಲಿ ಚದುರಿಹೋಗಿದ್ದವು. ಅವುಗಳನ್ನು ಯಾರಾದರೂ ಓದಿ ಒಂದೆಡೆ ಸೇರಿಸಬೇಕಿತ್ತು.

ಆ ಓದು ನಡೆದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ ವಿಜ್ಞಾನಿ ಅಖಿಲೇಶ್ ಪಾಂಡೆ 2002ರಲ್ಲಿ ಇಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್ ಎಂಬ ಲಾಭರಹಿತ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಡೆನ್ಮಾರ್ಕಿನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿಯ ಮುಂಚೂಣಿಯ ವಿಜ್ಞಾನಿ ಮಥಿಯಾಸ್ ಮಾನ್ ಅವರೊಡನೆ ಕೆಲಸ ಮಾಡಿದ್ದ ಪಾಂಡೆಯವರಿಗೆ ಯಂತ್ರದ ಬಲವೂ ಅದರ ಮಿತಿಯೂ ಗೊತ್ತಿತ್ತು. ಸಂಸ್ಥೆ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್, ಅಂದರೆ ಮನುಷ್ಯನ ಪ್ರೋಟೀನುಗಳ ಆಕರ ಕೋಶ. ವಿಜ್ಞಾನಲೋಕ ಅದನ್ನು ಎಚ್‌ಪಿಆರ್‌ಡಿ ಎಂಬ ಹೆಸರಿನಿಂದ ಬಲ್ಲದು. 2003ರಲ್ಲಿ ‘ಜೀನೋಮ್ ರಿಸರ್ಚ್’ ಪತ್ರಿಕೆಯಲ್ಲಿ ಇದರ ಮೊದಲ ರೂಪ ಪ್ರಕಟವಾದಾಗ ಅದರಲ್ಲಿ 2,750 ಪ್ರೋಟೀನುಗಳ ವಿವರಗಳಿದ್ದವು. ಆ ವಿವರಗಳನ್ನು ಕಲೆಹಾಕಲು ಜೀವಶಾಸ್ತ್ರಜ್ಞರು ಓದಿದ ಪ್ರಬಂಧಗಳ ಸಂಖ್ಯೆ 3 ಲಕ್ಷಕ್ಕೂ ಹೆಚ್ಚು.

ಈ ಓದನ್ನು ಗುಮಾಸ್ತಿಕೆಯೆಂದು ಭಾವಿಸುವವರು ಒಂದು ಉದಾಹರಣೆಯನ್ನು ಗಮನಿಸಬೇಕು. ಪ್ರಬಂಧವೊಂದರಲ್ಲಿ ಪಿ21 ಎಂಬ ಪ್ರೋಟೀನು ಇನ್ನೊಂದಕ್ಕೆ ಅಂಟಿತೆಂದು ಬರೆದಿದ್ದರೆ, ಅದು ಕೋಶ ವಿಭಜನೆಗೆ ತಡೆಹಾಕುವ, ವಾಫ್1 ಮತ್ತು ಸಿಪ್1 ಎಂಬ ಹೆಸರುಗಳೂ ಇರುವ ಪ್ರೋಟೀನು ಆಗಿರಬಹುದು, ಅಥವಾ ಕೋಶ ವಿಭಜನೆಗೆ ಕುಮ್ಮಕ್ಕು ಕೊಡುವ, ಹಿಂದಿನ ಬರಹಗಳಲ್ಲಿ ಅದೇ ಹೆಸರಿನಿಂದ ಕಾಣಿಸಿಕೊಳ್ಳುವ ರಾಸ್ ಆಗಿರಬಹುದು. ಎರಡಕ್ಕೂ ಆ ಹೆಸರು ಬಂದದ್ದು ಅವುಗಳ ತೂಕ ಸರಿಸುಮಾರು ಒಂದೇ ಆಗಿದ್ದರಿಂದ. ಕೆಲಸದಲ್ಲಿ ಒಂದು ಇನ್ನೊಂದಕ್ಕೆ ವಿರುದ್ಧ. ಯಾವುದು ಎಂದು ತಿಳಿಯಲು ಪ್ರಬಂಧದ ವಿಧಾನ ಭಾಗವನ್ನು ಪೂರ್ತಿ ಓದಬೇಕು, ಬಳಸಿದ ಪ್ರತಿಕಾಯ ಯಾವುದೆಂದು ನೋಡಬೇಕು, ಪ್ರಯೋಗಕ್ಕೆ ತೆಗೆದುಕೊಂಡ ಪ್ರೋಟೀನು ಮನುಷ್ಯನದೋ ಇಲಿಯದೋ ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಹೇಳಿಲ್ಲದಿದ್ದರೂ ಸುತ್ತಲಿನ ಸುಳಿವುಗಳಿಂದ ನಿರ್ಧರಿಸಬೇಕು. ಎಚ್‌ಪಿಆರ್‌ಡಿಯ ಪ್ರತಿಯೊಂದು ನಂಟಿನ ಪಕ್ಕದಲ್ಲಿಯೂ ಅದು ಜೀವಂತ ಕೋಶದಲ್ಲಿ ಕಂಡದ್ದೋ, ಪ್ರನಾಳದಲ್ಲಿ ಕಂಡದ್ದೋ, ಯೀಸ್ಟ್ ಟೂ-ಹೈಬ್ರಿಡ್‌ನಿಂದ ಬಂದದ್ದೋ ಎಂಬ ಗುರುತು ಮತ್ತು ಮೂಲ ಪ್ರಬಂಧದ ಕೊಂಡಿ ಇರುತ್ತಿದ್ದವು. ನೇರ ಸ್ಪರ್ಶವನ್ನೂ ಗುಂಪಿನಲ್ಲಿ ಒಟ್ಟಿಗೆ ಸಿಕ್ಕಿದ್ದನ್ನೂ ಬೇರೆ ಬೇರೆಯಾಗಿ ನಮೂದಿಸಲಾಗುತ್ತಿತ್ತು. ಸಾಕ್ಷ್ಯದ ಬಗೆಯನ್ನು ಹೀಗೆ ಬಿಡಿಸಿ ತೋರಿಸಿದ್ದರಿಂದಲೇ, ಬಳಸುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ನಂಬಿಕೆಯ ಮಟ್ಟವನ್ನು ತಾವೇ ನಿಗದಿಮಾಡಿಕೊಳ್ಳಲು ಸಾಧ್ಯವಾಯಿತು. ವಿಜ್ಞಾನದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ನಡೆ ಇನ್ನೊಂದಿಲ್ಲ.

ಹೀಗೆ ಕೂಡಿಟ್ಟ ಓದಿನ ಫಲ 2006ರ ಮಾರ್ಚ್‌ನಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಕಂಡುಬಂತು. ಟಿ. ಕೆ. ಬಿ. ಗಾಂಧಿ ಮೊದಲ ಲೇಖಕರಾಗಿದ್ದ ಆ ಪ್ರಬಂಧದಲ್ಲಿ ಬೆಂಗಳೂರಿನ ತಂಡ ಮನುಷ್ಯನ ನಂಟುಗಳ ನಕ್ಷೆಯನ್ನು ಯೀಸ್ಟ್, ಹುಳು ಮತ್ತು ಹಣ್ಣುನೊಣದ ನಕ್ಷೆಗಳೊಡನೆ ಹೋಲಿಸಿತು. ನಾಲ್ಕೂ ಜೀವಿಗಳದು ಸೇರಿ 70,000ಕ್ಕೂ ಹೆಚ್ಚು ನಂಟುಗಳಿದ್ದರೂ ಮನುಷ್ಯ, ಹುಳು, ನೊಣ ಮೂರರಲ್ಲಿಯೂ ಸಮಾನವಾಗಿ ಕಂಡವು 42 ಮಾತ್ರ. ನಾಲ್ಕರಲ್ಲಿಯೂ ಕಂಡವು ಬರೀ 16. ಜೀವಿಗಳು ಒಂದೇ ಮೂಲದಿಂದ ಕವಲೊಡೆದು ಬಂದಿರುವಾಗ ಮೂಲಭೂತ ಯಂತ್ರಾಂಗಗಳಲ್ಲಿ ಇಷ್ಟು ಕಡಿಮೆ ಹೋಲಿಕೆ ಇರುವುದು ಸಾಧ್ಯವಿಲ್ಲ. ಕೊರತೆ ಇದ್ದದ್ದು ನಕ್ಷೆಗಳಲ್ಲಿ. ಇದನ್ನು ತರ್ಕಕ್ಕೆ ಬಿಡದೆ ತಂಡ ಪ್ರಯೋಗಕ್ಕೂ ಇಳಿಯಿತು: ನೊಣದಲ್ಲಿಯೂ ಹುಳುವಿನಲ್ಲಿಯೂ ಕಂಡು ಮನುಷ್ಯನಲ್ಲಿ ಮಾತ್ರ ವರದಿಯಾಗದಿದ್ದ 36 ನಂಟುಗಳ ಪೈಕಿ 9 ಮನುಷ್ಯನಲ್ಲಿಯೂ ಇವೆಯೆಂದು ಸಹಅವಕ್ಷೇಪನದ ಮೂಲಕ ತೋರಿಸಿತು. ಖಾಲಿ ಜಾಗವೆಂದರೆ ನಂಟಿಲ್ಲವೆಂದಲ್ಲ, ಯಾರೂ ನೋಡಿಲ್ಲವೆಂದೂ ಇರಬಹುದು ಎಂಬುದು ಅಲ್ಲಿಂದ ಮುಂದೆ ಈ ಕ್ಷೇತ್ರದಲ್ಲಿ ಕೆಲಸಮಾಡುವವರೆಲ್ಲರೂ ನೆನಪಿಡಬೇಕಾದ ಮಾತಾಯಿತು.

ಅದೇ ಪ್ರಬಂಧದ ಇನ್ನೊಂದು ಕಾಣ್ಕೆ ವೈದ್ಯರಿಗೆ ಹೆಚ್ಚು ಹತ್ತಿರದ್ದು. ಒಂದು ಆನುವಂಶಿಕ ಕಾಯಿಲೆಗೆ ಕಾರಣವಾದ ಪ್ರೋಟೀನು, ಅದನ್ನೇ ಹೋಲುವ ಇನ್ನೊಂದು ಕಾಯಿಲೆಗೆ ಕಾರಣವಾದ ಪ್ರೋಟೀನಿನೊಡನೆ ನಂಟು ಹೊಂದಿರುವ ಸಂಭವ ಹೆಚ್ಚು ಎಂದು ಅದು ತೋರಿಸಿತು. ಫ್ಯಾಂಕೊನಿ ರಕ್ತಹೀನತೆಯನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಬೇರೆ ಬೇರೆ ವಂಶವಾಹಿಗಳಲ್ಲಿನ ದೋಷದಿಂದ ಒಂದೇ ಬಗೆಯ ಕಾಯಿಲೆ ಬರುವುದಕ್ಕೆ ಕಾರಣ, ಆ ವಂಶವಾಹಿಗಳ ಪ್ರೋಟೀನುಗಳಲ್ಲಿ ಹಲವು ಡಿಎನ್‌ಎ ದುರಸ್ತಿಗಾಗಿ ಒಂದೇ ಕೂಟವಾಗಿ ಕೆಲಸ ಮಾಡುವುದು. ಕಾರಣ ತಿಳಿಯದ ಅಪರೂಪದ ರೋಗವೊಂದರಲ್ಲಿ ಯಾವ ವಂಶವಾಹಿಯನ್ನು ಮೊದಲು ಪರೀಕ್ಷಿಸಬೇಕು ಎಂದು ತೀರ್ಮಾನಿಸಲು ನಂಟುಗಳ ನಕ್ಷೆ ಹೀಗೆ ದಾರಿ ತೋರುತ್ತದೆ.

2009ರಲ್ಲಿ ಟಿ. ಎಸ್. ಕೇಶವ ಪ್ರಸಾದ್ ಮೊದಲ ಲೇಖಕರಾಗಿ ಎಚ್‌ಪಿಆರ್‌ಡಿಯ ಹೊಸ ಆವೃತ್ತಿಯ ವಿವರಣೆ ಬಂತು. ಮುಂದೆ ಅವರು ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದೇ ಕ್ಷೇತ್ರದ ಸಂಶೋಧನ ಕೇಂದ್ರವನ್ನು ಬೆಳೆಸಿದರು. 2010ರಲ್ಲಿ ಹೊರಬಂದ ಒಂಬತ್ತನೆಯ ಆವೃತ್ತಿಯಲ್ಲಿ 30,000ಕ್ಕೂ ಹೆಚ್ಚು ಪ್ರೋಟೀನು ನಮೂದುಗಳೂ, 41,000ಕ್ಕೂ ಹೆಚ್ಚು ನಂಟುಗಳೂ ಇದ್ದವು. ಇದರ ಜೊತೆಜೊತೆಗೆ, ಕೋಶದ ಹೊರಗಿನ ಸಂದೇಶ ಒಳಕ್ಕೆ ಹರಿಯುವ ಹಾದಿಗಳನ್ನು ಚಿತ್ರಿಸುವ ನೆಟ್‌ಪಾತ್ ಎಂಬ ಇನ್ನೊಂದು ದತ್ತಾಂಶ ಕೋಶವನ್ನೂ ಸಂಸ್ಥೆ ಕಟ್ಟಿತು. ಓದಿನಿಂದ ಪ್ರಯೋಗಕ್ಕೆ ಹೊರಳಿ, ಜಾನ್ಸ್ ಹಾಪ್‌ಕಿನ್ಸ್ ಜೊತೆಗೂಡಿ, ಮನುಷ್ಯನ 30 ಬಗೆಯ ಅಂಗಾಂಶ ಮತ್ತು ಕೋಶಗಳ ಮಾದರಿಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಜಾಲಾಡಿ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿದ ಕರಡು ನಕ್ಷೆಯನ್ನು 2014ರ ಮೇ ತಿಂಗಳಲ್ಲಿ ‘ನೇಚರ್’ ಪ್ರಕಟಿಸಿದಾಗ ಲೋಕದ ಗಮನ ಆ ಕಡೆ ಹರಿಯಿತು. ಆ ಕೀರ್ತಿ ನ್ಯಾಯವಾದದ್ದೇ. ಆದರೆ ಅದಕ್ಕೂ ಹತ್ತು ವರ್ಷ ಮೊದಲು ಸದ್ದಿಲ್ಲದೆ ನಡೆದ ಓದಿನ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಕನ್ನಡ ನಾಡಿನಲ್ಲಿಯೇ ಸಂದಿಲ್ಲ.

ಓದಿನ ನಕ್ಷೆಗೂ ಗಂಭೀರವಾದ ಟೀಕೆ ಎದುರಾಯಿತು. ಬಾಸ್ಟನ್ನಿನಲ್ಲಿ ಯೀಸ್ಟ್ ಟೂ-ಹೈಬ್ರಿಡ್ ವಿಧಾನವನ್ನು ಬೃಹತ್ತಾಗಿ ಬೆಳೆಸಿದ ಮಾರ್ಕ್ ವಿಡಾಲ್ ಅವರ ತಂಡ 2009ರಲ್ಲಿ ‘ನೇಚರ್ ಮೆಥಡ್ಸ್’ ಪತ್ರಿಕೆಯಲ್ಲಿ, ಪ್ರಬಂಧಗಳನ್ನು ಓದಿ ಸಂಗ್ರಹಿಸಿದ ನಂಟುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಒಂದು ಪ್ರಬಂಧದ ಆಧಾರವಿದೆಯೆಂದೂ, ಅವುಗಳ ಗುಣಮಟ್ಟದ ಬಗ್ಗೆ ಇರುವ ನಂಬಿಕೆ ಅತಿಯಾಯಿತೆಂದೂ ವಾದಿಸಿತು. ದತ್ತಾಂಶ ಕೋಶಗಳ ಪಾಲಕರು ಅದೇ ಪತ್ರಿಕೆಯಲ್ಲಿ ಪ್ರತ್ಯುತ್ತರ ಕೊಟ್ಟು, ತಪ್ಪುಗಳೆಂದು ತೋರಿಸಿದವುಗಳಲ್ಲಿ ಬಹಳಷ್ಟು ತಪ್ಪುಗಳೇ ಅಲ್ಲ ಎಂದು ಸಮರ್ಥಿಸಿಕೊಂಡರು. ಈ ವಾಗ್ವಾದದಲ್ಲಿ ಎರಡೂ ಕಡೆ ಹುರುಳಿತ್ತು. ಎಣಿಕೆಗಿಂತ ಆಳವಾದ ಇನ್ನೊಂದು ಕೊರತೆಯೂ ಓದಿನ ನಕ್ಷೆಯಲ್ಲಿದೆ: ವಿಜ್ಞಾನಿಗಳು ಹೆಚ್ಚು ಬರೆದದ್ದು ಹೆಸರಾದ ಪ್ರೋಟೀನುಗಳ ಮೇಲೆ. ಕ್ಯಾನ್ಸರಿಗೆ ಸಂಬಂಧಿಸಿದ ಪಿ53ರ ಸುತ್ತ ಗೆರೆಗಳು ದಟ್ಟವಾಗಿರುವಾಗ, ಯಾರೂ ಕೈಹಾಕದ ಸಾವಿರಾರು ಪ್ರೋಟೀನುಗಳ ಸುತ್ತ ಬಯಲು ಬಿದ್ದಿರುತ್ತದೆ. ಪೂರ್ವಗ್ರಹವಿಲ್ಲದೆ ಎಲ್ಲವನ್ನೂ ಎಲ್ಲದರೊಡನೆ ಪರೀಕ್ಷಿಸುವ ಯಾಂತ್ರಿಕ ವಿಧಾನಗಳ ನಿಜವಾದ ಹಿರಿಮೆ ಇರುವುದು ಈ ಬಯಲನ್ನು ತುಂಬುವುದರಲ್ಲಿ.

ಆ ಕೆಲಸ ಮುಂದಿನ ದಶಕದಲ್ಲಿ ಅಗಾಧವಾಗಿ ಬೆಳೆಯಿತು. 2005ರಲ್ಲಿ ಮನುಷ್ಯನ ಮೊದಲ ಟೂ-ಹೈಬ್ರಿಡ್ ನಕ್ಷೆಗಳಲ್ಲಿ ಸುಮಾರು 3,000 ನಂಟುಗಳಿದ್ದರೆ, 2020ರಲ್ಲಿ ಪ್ರಕಟವಾದ ಹ್ಯೂರಿ ಎಂಬ ನಕ್ಷೆ ಸುಮಾರು 17,500 ಪ್ರೋಟೀನುಗಳನ್ನು ಪರಸ್ಪರ ಪರೀಕ್ಷಿಸಿ ಸುಮಾರು 53,000 ನೇರ ನಂಟುಗಳನ್ನು ಕೊಟ್ಟಿತು. ಗುಂಪುಗಳನ್ನು ಹಿಡಿಯುವ ದಾರಿಯಲ್ಲಿ ಹಾರ್ವರ್ಡಿನ ಬಯೊಪ್ಲೆಕ್ಸ್ ಯೋಜನೆ 10,000ಕ್ಕೂ ಹೆಚ್ಚು ಪ್ರೋಟೀನುಗಳಿಗೆ ಒಂದೊಂದಾಗಿ ಹಿಡಿಕೆ ಜೋಡಿಸಿ, 2021ರ ಹೊತ್ತಿಗೆ ಒಂದೇ ಕೋಶವಂಶದಲ್ಲಿ 1,18,000ಕ್ಕೂ ಹೆಚ್ಚು ನಂಟುಗಳನ್ನು ಗುರುತಿಸಿತು. ಅದೇ ಕೆಲಸವನ್ನು ಇನ್ನೊಂದು ಕೋಶವಂಶದಲ್ಲಿ ಮಾಡಿದಾಗ ನಕ್ಷೆಯ ಒಂದು ಭಾಗ ಬದಲಾಯಿತು. ಮೂತ್ರಪಿಂಡದ ಮೂಲದ ಕೋಶದಲ್ಲಿ ಇರುವ ನಂಟು ಕರುಳಿನ ಕೋಶದಲ್ಲಿ ಇರಬೇಕೆಂದಿಲ್ಲ. ಆದ್ದರಿಂದ ಮನುಷ್ಯನಿಗೆ ಒಂದೇ ಒಂದು ಇಂಟರ್‌ಆಕ್ಟೋಮ್ ಇದೆಯೆಂಬ ಮಾತನ್ನೇ ಕೈಬಿಡಬೇಕಾಗುತ್ತದೆ.

ತೊಳೆಯುವಾಗ ಕಳಚಿಹೋಗುವ ಕ್ಷಣಿಕ ನಂಟುಗಳಿಗೂ ಉಪಾಯ ದೊರೆತಿದೆ. 2012ರಲ್ಲಿ ಬಂದ ಬಯೊಐಡಿ ವಿಧಾನದಲ್ಲಿ ಆಯ್ದ ಪ್ರೋಟೀನಿಗೆ ಒಂದು ಕಿಣ್ವವನ್ನು ಜೋಡಿಸಲಾಗುತ್ತದೆ. ಅದು ಬಯೊಟಿನ್ ಎಂಬ ಬಿ ಗುಂಪಿನ ಜೀವಸತ್ವವನ್ನು ತನ್ನ ಸುತ್ತಲಿನ ಸುಮಾರು 10 ನ್ಯಾನೋಮೀಟರು ಅಂತರದಲ್ಲಿರುವ ಪ್ರೋಟೀನುಗಳ ಮೇಲೆ ಗುರುತಾಗಿ ಮೆತ್ತುತ್ತದೆ. ಆಮೇಲೆ ಕೋಶವನ್ನು ಎಷ್ಟು ಕಠಿಣವಾಗಿ ಒಡೆದರೂ, ಎಷ್ಟು ತೊಳೆದರೂ ಗುರುತು ಅಳಿಯುವುದಿಲ್ಲ. ಬಯೊಟಿನ್ನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ನಿನಿಂದ ಗುರುತಿನ ಪ್ರೋಟೀನುಗಳನ್ನೆಲ್ಲ ಹೆಕ್ಕಬಹುದು. ಬಯೊಐಡಿಗೆ ಸುಮಾರು ಒಂದು ದಿನ ಬೇಕಾದರೆ, ಆಲಿಸ್ ಟಿಂಗ್ ಅವರ ತಂಡ ರೂಪಿಸಿದ ಅಪೆಕ್ಸ್ ಒಂದು ನಿಮಿಷದಲ್ಲಿ, ಟರ್ಬೊಐಡಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ನೆರೆಯಲ್ಲಿದ್ದದ್ದನ್ನು ಇವು ಹೇಳುತ್ತವೆ, ಮುಟ್ಟಿದ್ದನ್ನಲ್ಲ. ಒಂದು ವಿಧಾನದ ಕುರುಡುತಾಣವನ್ನು ಇನ್ನೊಂದು ತುಂಬುವುದರಿಂದ, ಯಾವುದೇ ಒಂದನ್ನು ಶ್ರೇಷ್ಠವೆಂದು ಎತ್ತಿಹಿಡಿಯುವುದು ಅವಿವೇಕ.

ಈ ನಕ್ಷೆಗಳ ಉಪಯೋಗಕ್ಕೆ ಬೆಂಗಳೂರಿನಲ್ಲಿಯೇ ಒಂದು ಅರ್ಥಪೂರ್ಣ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ರಾಮನ್ ಮತ್ತು ನಾಗಸುಮಾ ಚಂದ್ರ 2008ರಲ್ಲಿ ಕ್ಷಯರೋಗಾಣುವಿನ ಪ್ರೋಟೀನು ನಂಟುಗಳ ಜಾಲವನ್ನು ಗಣಕದಲ್ಲಿ ಕಟ್ಟಿ, ಔಷಧ ದಾಳಿಮಾಡುವ ಪ್ರೋಟೀನಿನಿಂದ ರೋಗಾಣುವಿಗೆ ಔಷಧ ನಿರೋಧ ತಂದುಕೊಡುವ ಪ್ರೋಟೀನುಗಳವರೆಗೆ ಸುದ್ದಿ ಯಾವ ಹಾದಿಯಲ್ಲಿ ಹರಿಯಬಹುದೆಂದು ಹುಡುಕಿದರು. ಔಷಧವನ್ನು ಹೊರದಬ್ಬುವ ಪಂಪುಗಳು, ಡಿಎನ್‌ಎ ದುರಸ್ತಿಯ ತುರ್ತು ವ್ಯವಸ್ಥೆ ಮೊದಲಾದವಕ್ಕೆ ಹೋಗುವ ಈ ಹಾದಿಗಳಲ್ಲಿ ನಡುವೆ ಸಿಗುವ ಪ್ರೋಟೀನನ್ನೂ ಮುಖ್ಯ ಗುರಿಯ ಜೊತೆಗೇ ಹೊಡೆದರೆ ನಿರೋಧ ಹುಟ್ಟುವುದನ್ನೇ ತಡೆಯಬಹುದೆಂಬುದು ಅವರ ಸೂಚನೆ. ಔಷಧಕ್ಕೆ ಬಗ್ಗದ ಕ್ಷಯದ ಹೊರೆ ಹೊತ್ತಿರುವ ದೇಶದಿಂದಲೇ ಇಂಥ ಆಲೋಚನೆ ಬರಬೇಕಿತ್ತು, ಬಂತು. 2020ರಲ್ಲಿ ಕೊರೊನಾ ಪಿಡುಗು ಹರಡುತ್ತಿದ್ದಾಗ ಕ್ಯಾಲಿಫೋರ್ನಿಯದ ನೆವನ್ ಕ್ರೋಗನ್ ಮತ್ತು ಸಂಗಡಿಗರು ಹೊಸ ವೈರಾಣುವಿನ 29 ಪ್ರೋಟೀನುಗಳಲ್ಲಿ 26ಕ್ಕೆ ಹಿಡಿಕೆ ಜೋಡಿಸಿ, ಮನುಷ್ಯನ ಕೋಶದ ಪ್ರೋಟೀನುಗಳೊಡನೆ ಅವುಗಳ 332 ನಂಟುಗಳನ್ನು ಕೆಲವೇ ವಾರಗಳಲ್ಲಿ ಗುರುತಿಸಿ, ಅವುಗಳಲ್ಲಿ ಔಷಧಕ್ಕೆ ಒಗ್ಗುವ 66 ಪ್ರೋಟೀನುಗಳ ಪಟ್ಟಿ ಕೊಟ್ಟರು. ಹಿಡಿಕೆ ಮತ್ತು ಮಾಸ್ ಸ್ಪೆಕ್ಟ್ರೋಮೀಟರಿನ ವಿಧಾನ ಅಷ್ಟರಲ್ಲಿ ಪಳಗಿರದಿದ್ದರೆ ಆ ವೇಗ ಅಸಾಧ್ಯವಾಗಿತ್ತು.

ಈಗ ಗಣಕವೇ ನಂಟುಗಳನ್ನು ಊಹಿಸುವ ಕಾಲ ಬಂದಿದೆ. 2021ರಲ್ಲಿ ಡೇವಿಡ್ ಬೇಕರ್ ಮತ್ತು ಚಿಯಾನ್ ಕಾಂಗ್ ಮೊದಲಾದವರು ಯೀಸ್ಟಿನ 83 ಲಕ್ಷ ಪ್ರೋಟೀನು ಜೋಡಿಗಳನ್ನು ಕೃತಕ ಬುದ್ಧಿಮತ್ತೆಯ ಮೂಲಕ ಜರಡಿಹಿಡಿದು, ಕೂಡಿಕೊಳ್ಳುವ ಸಂಭವ ಹೆಚ್ಚಾಗಿರುವ 1,505 ಜೋಡಿಗಳನ್ನು ಆರಿಸಿದರು. ಪ್ರೋಟೀನುಗಳ ವಿನ್ಯಾಸ ಮತ್ತು ರಚನೆಯ ಊಹೆಗಾಗಿ ಬೇಕರ್, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಯಂತ್ರ ಇಷ್ಟು ಕಲಿತದ್ದು ಎಲ್ಲಿಂದ ಎಂಬುದನ್ನು ಮಾತ್ರ ಮರೆಯಬಾರದು. 1971ರಿಂದ ಅರ್ಧ ಶತಮಾನ ಕಾಲ ಪ್ರೋಟೀನುಗಳ ರಚನೆಗಳನ್ನು ಒಂದೊಂದಾಗಿ ಪರಿಶೀಲಿಸಿ ಜೋಪಾನ ಮಾಡಿದ ಪ್ರೋಟೀನ್ ಡೇಟಾ ಬ್ಯಾಂಕ್ ಇಲ್ಲದಿದ್ದರೆ ಕಲಿಸಲು ಪಾಠವೇ ಇರುತ್ತಿರಲಿಲ್ಲ. ಯಂತ್ರದ ಊಹೆ ಸರಿಯೋ ತಪ್ಪೋ ಎಂದು ಒರೆಹಚ್ಚಲು ಇಂದಿಗೂ ಬೇಕಾಗುವುದು ಮನುಷ್ಯರು ಓದಿ, ತೂಗಿ, ಬರೆದಿಟ್ಟ ನಂಟುಗಳೇ.

ಆದರೆ ಎಚ್‌ಪಿಆರ್‌ಡಿ 2010ರ ಒಂಬತ್ತನೆಯ ಆವೃತ್ತಿಯ ನಂತರ ಹೊಸದಾಗಲಿಲ್ಲ. ಅದರ ನಂಟುಗಳನ್ನು ಲೋಕದ ಬೇರೆ ಬೇರೆ ಸಂಶೋಧಕರು ತಮ್ಮ ಜಾಲಗಳಲ್ಲಿ ಸೇರಿಸಿಕೊಂಡು ಇಂದಿಗೂ ಬಳಸುತ್ತಿದ್ದಾರೆ. ಹೊಸ ಓದು ಮಾತ್ರ ಇಂಗ್ಲೆಂಡಿನ ಇಂಟ್ಯಾಕ್ಟ್, ಉತ್ತರ ಅಮೆರಿಕದ ಬಯೊಗ್ರಿಡ್ ಮೊದಲಾದ ದತ್ತಾಂಶ ಕೋಶಗಳ ಪಾಲಿಗೆ ಹೋಯಿತು. ಹೊಸ ಪ್ರಯೋಗಕ್ಕೆ ಹಣ ದೊರೆಯುವಷ್ಟು ಸುಲಭವಾಗಿ, ಇರುವ ದತ್ತಾಂಶವನ್ನು ವರ್ಷವರ್ಷವೂ ತಿದ್ದಿ ನಡೆಸುವ ಕೆಲಸಕ್ಕೆ ಹಣ ದೊರೆಯುವುದಿಲ್ಲ ಎಂಬುದು ಎಲ್ಲ ದೇಶಗಳ ಅನುಭವ. ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವನ್ನು ಆರಂಭಿಸಿರುವುದು ಸ್ವಾಗತಾರ್ಹ. ಆದರೆ ದತ್ತಾಂಶವನ್ನು ಕೂಡಿಡುವುದು ಬೇರೆ, ಓದಿ ಬೆಲೆಕಟ್ಟುವುದು ಬೇರೆ. ಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಪ್ರತಿವರ್ಷ ಹೊರಬರುವ ಸಾವಿರಾರು ಯುವಜನರು ಕರ್ನಾಟಕದಲ್ಲಿದ್ದಾರೆ, ಅವರಿಗೆ ಈ ಓದನ್ನು ಕಲಿಸಬಲ್ಲ ಅನುಭವಿಗಳು ಬೆಂಗಳೂರಿನಲ್ಲಿಯೂ ಮಂಗಳೂರಿನಲ್ಲಿಯೂ ಇದ್ದಾರೆ. ರಾಜ್ಯದ ವಿಶ್ವವಿದ್ಯಾಲಯಗಳು ಪ್ರಬಂಧಗಳನ್ನು ಓದಿ ದತ್ತಾಂಶ ಕಟ್ಟುವ ಕೆಲಸವನ್ನು ಪಠ್ಯದ ಭಾಗವಾಗಿಸಬೇಕು, ಅನುದಾನ ನೀಡುವ ಇಲಾಖೆಗಳು ಇಂಥ ಕೋಶಗಳಿಗೆ ಮೂರು ವರ್ಷದ ಯೋಜನೆಯ ಲೆಕ್ಕದಲ್ಲಿ ಅಲ್ಲದೆ ಶಾಶ್ವತವಾದ ಗ್ರಂಥಾಲಯಕ್ಕೆ ಕೊಡುವ ರೀತಿಯಲ್ಲಿ ಹಣ ಒದಗಿಸಬೇಕು, ಮತ್ತು ಬೆಂಗಳೂರು ಒಮ್ಮೆ ಆರಂಭಿಸಿ ಲೋಕಕ್ಕೆ ಕೊಟ್ಟ ಈ ಕೆಲಸವನ್ನು ಇಲ್ಲಿಯೇ ಮತ್ತೆ ಕೈಗೆತ್ತಿಕೊಳ್ಳಬೇಕು.